ಹಸಿರು ಪೇಂಟಿನ ನಡುಮನೆ

ಕನಕಪುರ ರಸ್ತೆಯ ಆಚೀಚೆ ತೋಟ ಕೊಂಡಿರುವ ಬೆಂಗಳೂರಿನವರಿಗೆ ಮಣ್ಣಿನ ಮನೆ ಕಟ್ಟಿಕೊಡುವುದು ನನ್ನ ಹೊಟ್ಟೆಪಾಡು. ಗೋಡೆಗೆ ಸಿಮೆಂಟಿಲ್ಲ, ಗಾರೆಗೆ ಸುಣ್ಣ, ನೆಲಕ್ಕೆ ಸಗಣಿ, ಸೂರಿಗೆ ನಾಡಹೆಂಚು. ಬಂದವರೆಲ್ಲ ಮೊದಲ ದಿನ ಗೋಡೆಯ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಗೋಡೆ ಉಸಿರಾಡುತ್ತಿದೆ ಮೇಡಂ ಎನ್ನುತ್ತಾರೆ. ಮಾರನೆಯ ದಿನ ಫೋನು ಮಾಡಿ, ಉಸಿರಾಡುವ ಆ ಗೋಡೆಯಲ್ಲಿ ಮೂರು ಏಸಿ ಎಲ್ಲೆಲ್ಲಿ ಕೂರಿಸಬಹುದು ಎಂದು ಕೇಳುತ್ತಾರೆ. ಒಬ್ಬಾಕೆ, ನೆಲಕ್ಕೆ ಸಾರಿಸುವ ಸಗಣಿ ಆರ್ಗ್ಯಾನಿಕ್ ಹೌದೋ ಅಲ್ಲವೋ ಎಂದು ವಿಚಾರಿಸಿದಳು. ಹಸುವನ್ನೇ ಕೇಳಿ ಹೇಳ್ತೀನಮ್ಮ ಎಂದೆ. ಥ್ಯಾಂಕ್ಯೂ ಎಂದಳು. ಇನ್ನೊಬ್ಬ ಮಹಾಶಯ ಆಸೆಪಟ್ಟು ಮಣ್ಣಿನ ಗೋಡೆ ಕಟ್ಟಿಸಿಕೊಂಡ; ಆಮೇಲೆ ಧೂಳು ಉದುರುತ್ತದೆ ಎಂದು ಅದರ ಮೈತುಂಬ ಹೊಳೆಯುವ ವಾರ್ನಿಶ್ ಬಳಿಸಿದ. ಮೂಗು ಬಾಯಿ ಎರಡೂ ಮುಚ್ಚಿ ಇನ್ನು ಉಸಿರಾಡು ಎಂದ ಹಾಗಾಯಿತು. ಮಳೆಗಾಲದಲ್ಲಿ ಆ ಗೋಡೆ ಚಕ್ಕೆ ಚಕ್ಕೆಯಾಗಿ ಉದುರಿದಾಗ ನನ್ನ ಮೇಲೇ ಹರಿಹಾಯ್ದ. ಇಂಥವರ ಕೆಲಸ ಮಾಡಿಯೇ ನಾನು ಅನ್ನ ತಿನ್ನುತ್ತಿರುವುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅನ್ನ ಕೊಟ್ಟವರನ್ನೆಲ್ಲ ಗೌರವಿಸಬೇಕೆಂದು ಎಲ್ಲೂ ಬರೆದಿಲ್ಲ.

ಇವರೆಲ್ಲರೂ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಮಣ್ಣಿನ ಮನೆಯ ಮೇಲೆ ನಿಮಗೆ ಈ ಪ್ರೀತಿ ಹೇಗೆ ಬಂತು? ನಮ್ಮಜ್ಜಿಯಿಂದ ಎನ್ನುತ್ತೇನೆ. ತಂಪಾದ ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ, ಅಜ್ಜಿಯ ಮಡಿಲು ಎಂದು ಒಂದಿಷ್ಟು ಸೇರಿಸುತ್ತೇನೆ. ಅವರ ಕಣ್ಣು ಒದ್ದೆಯಾಗುತ್ತದೆ, ಕೆಲಸ ನನಗೇ ಸಿಗುತ್ತದೆ. ಅಪ್ಪಟ ಸುಳ್ಳು. ನಮ್ಮಜ್ಜಿ ಸಿಮೆಂಟು ಎಂದರೆ ಪ್ರಾಣ ಬಿಡುತ್ತಿದ್ದಳು. ಮಣ್ಣಿನ ಗೋಡೆ ಕೆಡವುವ ದಿನ ಹಾರೆಗೆ ಕುಂಕುಮವಿಟ್ಟು ಮಗನ ಕೈಗೆ ಕೊಟ್ಟವಳೇ ಅವಳು. ನನಗೆ ಈ ಕಸುಬು ಬಂದದ್ದು ಪ್ರೀತಿಯಿಂದಲ್ಲ, ಒಂದು ಗೋಡೆಯ ಮುಂದೆ ಕೂತು ನಾನು ಆಡಿದ ಒಂದು ಮಾತಿನಿಂದ. ಅದನ್ನು ಗಿರಾಕಿಗಳಿಗೆ ಹೇಳಲಾಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮೂರು ಹೊಂಗನೂರಿನಿಂದ ಒಂದು ನಡಿಗೆಯ ದೂರ. ಮನೆ ಎಂದರೆ ಉದ್ದನೆಯ ನಡುಮನೆ, ಅದರ ಒಂದು ಮಗ್ಗುಲಿಗೆ ಅಡುಗೆಕೋಣೆ, ಇನ್ನೊಂದು ಮಗ್ಗುಲಿಗೆ ಅಜ್ಜಿಯ ಕತ್ತಲೆಕೋಣೆ, ಹಿಂದೆ ಕೊಟ್ಟಿಗೆ. ಗೋಡೆಗಳು ಮೊಳಕ್ಕಿಂತ ದಪ್ಪನೆಯ ಮಣ್ಣಿನವು. ಆದರೆ ನಡುಮನೆಯ ಯಜಮಾನರು ನಾವಲ್ಲ, ರೇಷ್ಮೆ ಹುಳಗಳು. ಗೋಡೆಯಿಂದ ಗೋಡೆಗೆ ಬಿದಿರಿನ ಸ್ಟ್ಯಾಂಡು, ಒಂದರ ಮೇಲೊಂದು ತಟ್ಟೆ, ತಟ್ಟೆಯ ತುಂಬ ಹುಳ, ಹುಳದ ಮೇಲೆ ಹಿಪ್ಪುನೇರಳೆ ಸೊಪ್ಪು. ಅವು ಮೇಯುವ ಸದ್ದು ಮಳೆ ಬಂದ ಹಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗಂತೂ ಬೀಗರ ಊಟಕ್ಕೆ ಕೂತ ಬೊಚ್ಚುಬಾಯಿ ಮುದುಕರು ಚಪ್ಪರಿಸಿದ ಹಾಗೆ ಕೇಳುತ್ತಿತ್ತು. ಹುಳ ಇರುವಷ್ಟು ದಿನ ಮನೆಯಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಅಪ್ಪ ಬೀಡಿ ಸೇದಿದರೆ ಬಾಯಿ ತೊಳೆದು, ಅಂಗಿ ಕಳಚಿ ಒಳಗೆ ಬರಬೇಕು. ಬಸ್ಸಾರಿಗೆ ಒಗ್ಗರಣೆ ಬೇಕಾದರೆ ಅವ್ವ ಹಿತ್ತಿಲಿನಲ್ಲಿ ಮೂರು ಕಲ್ಲು ಹೂಡಿ ಹಾಕುತ್ತಿದ್ದಳು. ನಾವು ಮುದ್ದೆ ಉಂಡು ಮಲಗುತ್ತಿದ್ದದ್ದು ಹುಳ ಬಿಟ್ಟುಕೊಟ್ಟ ಮೂಲೆಯಲ್ಲಿ.

ಹುಳದ ಕೆಲಸ ಗೊತ್ತಿದ್ದದ್ದು ಅವ್ವನೊಬ್ಬಳಿಗೇ. ಸಾಕಮ್ಮ ಅವಳ ಹೆಸರು. ಬೆಳಗ್ಗೆ ಎದ್ದವಳೇ ಗೋಡೆಗೆ ಮುಂಗೈ ಒತ್ತಿ ನೋಡುತ್ತಿದ್ದಳು. ಗೋಡೆ ಎಷ್ಟು ತಂಪಿದೆ, ಎಷ್ಟು ಒಣಗಿದೆ ಎಂದು ನೋಡಿ, ಕಿಟಕಿಗೆ ಗೋಣಿತಾಟು ನೆನೆಸಿ ಕಟ್ಟಬೇಕೋ ಬೇಡವೋ ತೀರ್ಮಾನಿಸುತ್ತಿದ್ದಳು. ಮಣ್ಣಿನ ಗೋಡೆ ಮಳೆಗಾಲದಲ್ಲಿ ಮನೆಯೊಳಗಿನ ಥಂಡಿ ಕುಡಿಯುತ್ತದೆ, ಬೇಸಗೆಯಲ್ಲಿ ಒಸಿ ಒಸಿಯೇ ಬಿಡುತ್ತದೆ ಎಂಬುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಬೀದಿಯ ಹೆಂಗಸರೆಲ್ಲ ತಮ್ಮ ಹುಳ ಸಪ್ಪಗಾದರೆ ಅವ್ವನನ್ನು ಕರೆದೊಯ್ಯುತ್ತಿದ್ದರು. ಸಾಕಮ್ಮ ಬಂದು ನೋಡಿದರೆ ಸಾಕು ಎಂಬ ಮಾತಿತ್ತು. ಅವಳಿಗೆ ಒಡವೆಯಿರಲಿಲ್ಲ, ತವರಿನ ಬಲವಿರಲಿಲ್ಲ, ಗಂಡ ಮಾತು ಕೇಳುವವನಾಗಿರಲಿಲ್ಲ. ಊರಿನಲ್ಲಿ ಅವಳಿಗಿದ್ದ ಆಸ್ತಿ ಆ ಹೆಸರೊಂದೇ.

ಅಪ್ಪನ ತಮ್ಮ ಸಿದ್ದರಾಜು ಬಿಡದಿಯಲ್ಲಿ ಫ್ಯಾಕ್ಟರಿ ಶೆಡ್ಡು ಕಟ್ಟುವ ಕಂಟ್ರಾಕ್ಟರನೊಬ್ಬನ ಕೈಕೆಳಗೆ ಸೂಪರ್‌ವೈಸರ್ ಆಗಿದ್ದ. ಸೂಪರ್‌ವೈಸರ್ ಎಂದರೆ ಬೇರೆಯವರು ಕೆಲಸ ಮಾಡುವಾಗ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವನು. ಅವನಿಗೆ ಮಾಗಡಿ ಕಡೆಯಿಂದ ಹೆಣ್ಣು ಗೊತ್ತಾಗುವ ಹಾಗಿತ್ತು. ನಮ್ಮಲ್ಲಿ ಹೆಣ್ಣಿನ ಕಡೆಯವರು ಗಂಡನ್ನು ನೋಡುವುದಕ್ಕಿಂತ ಹೆಚ್ಚಾಗಿ ಗಂಡಿನ ಮನೆ ನೋಡುತ್ತಾರೆ. ಹತ್ತಾರು ಜನ ಬಂದು, ಕಂಬ ಮುಟ್ಟಿ, ಸೂರು ನೋಡಿ, ಕೊಟ್ಟಿಗೆ ಇಣುಕಿ, ಉಂಡು ಹೋಗುತ್ತಾರೆ. ಗಂಡಿನ ಯೋಗ್ಯತೆ ಗೋಡೆಯಲ್ಲಿರುತ್ತದೆ ಎಂದು ನಂಬಿದ ಜನ. ಮಣ್ಣಿನ ಗೋಡೆ ಕಂಡರೆ ಅವರು ವಾಪಸು ಹೋಗುತ್ತಾರೆ ಎಂದು ಚಿಕ್ಕಪ್ಪ ಹಟ ಹಿಡಿದ. ಅಜ್ಜಿ ಅವನ ಕಡೆ ನಿಂತಳು. ಅಪ್ಪನಿಗೆ ಸ್ವಂತ ಬುದ್ಧಿ ಎಂಬುದು ಇದ್ದಿದ್ದರೆ ಅದನ್ನು ಉಪಯೋಗಿಸಲು ಅದೇ ಸಮಯವಾಗಿತ್ತು. ನಡುಮನೆಯ ಗೋಡೆ ಕೆಡವಿದರು. ಮಣ್ಣನ್ನು ಹಿತ್ತಿಲಿಗೆ ಎಸೆದರು, ಹೆಂಚನ್ನು ಕೊಟ್ಟಿಗೆಯ ಹಿಂದೆ ಒಟ್ಟಿದರು. ಸಿಮೆಂಟು ಇಟ್ಟಿಗೆಯ ತೆಳ್ಳನೆಯ ಗೋಡೆ ಎದ್ದಿತು, ಮೇಲೆ ಕಾಂಕ್ರೀಟಿನ ಮೋಲ್ಡು ಬಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ನಮ್ಮಂಥವರನ್ನು ನೋಡಿಯೇ ಇರಬೇಕು.

ಹೊಸ ನಡುಮನೆಯಲ್ಲಿ ಮೊದಲ ಬೆಳೆಯ ಹುಳ ಇಳಿಸಿದಾಗ ಗೋಡೆಗಿನ್ನೂ ಬಣ್ಣವಿರಲಿಲ್ಲ. ಮೂರನೆಯ ಜ್ವರ ಕಳೆದು ಹುಳ ಚೆನ್ನಾಗಿ ಮೇಯುತ್ತಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಪೊರೆ ಕಳಚುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನಕ್ಕೂ ಹೆಚ್ಚು ಹೊತ್ತು ಅಲ್ಲಾಡದೆ ಕೂರುತ್ತದೆ, ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂತಿವೆ ಎನ್ನುತ್ತಾರೆ. ಗೂಡು ಕಟ್ಟುವುದರೊಳಗೆ ಹೀಗೆ ನಾಲ್ಕು ಸಲ. ನಾಲ್ಕನೆಯ ಜ್ವರಕ್ಕೆ ಕೂತ ಹೊತ್ತಿಗೇ ಮಾಗಡಿಯಿಂದ ಸುದ್ದಿ ಬಂತು, ಈ ವಾರವೇ ಮನೆ ನೋಡಲು ಬರುತ್ತೇವೆ ಎಂದು. ಚಿಕ್ಕಪ್ಪ ಅಂದೇ ಬಿಡದಿಯಿಂದ ಎರಡು ಡಬ್ಬ ಹೊತ್ತು ತಂದ. ಯಾವುದೋ ಶೆಡ್ಡಿನಲ್ಲಿ ಮಿಷನ್ನುಗಳಿಗೆ ಬಳಿದು ಉಳಿದಿದ್ದ ಹಸಿರು ಆಯಿಲ್ ಪೇಂಟು. ಮುಚ್ಚಳ ತೆಗೆದದ್ದೇ ತಡ, ಬೀದಿಯ ನಾಯಿ ಸೀನಿಕೊಂಡು ಎದ್ದು ಹೋಯಿತು. ನಾಯಿಗಿದ್ದ ಬುದ್ಧಿ ನಮ್ಮ ಮನೆಯ ಗಂಡಸರಿಗಿರಲಿಲ್ಲ.

ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ಸಿದ್ರಾಜು, ಹುಳ ಮನೇಲಿ ಇದ್ನ ಬಳೀಬ್ಯಾಡ ಕಣಪ್ಪ. ಹಣ್ಣಾಗಿ ಗೂಡು ಕಟ್ಟೋಗಂಟ ತಡ್ಕೊ.”

“ಅತ್ಗೆ, ಹುಳ ಜ್ವರಕ್ಕೆ ಕೂತವೆ. ಮೇಯಲ್ಲ, ಅಲ್ಲಾಡಲ್ಲ. ಎಚ್ಚರಾನೇ ಇಲ್ದೋವ್ಕೆ ವಾಸ್ನೆ ಏನ್ ಗೊತ್ತಾಯ್ತದೆ? ಅವು ಏಳೋದ್ರೊಳ್ಗೆ ಪೇಂಟು ಒಣಗೋಯ್ತದೆ.”

“ಮಲ್ಗಿರೋ ಮಗೀನ ಮೂಗ್ಗೆ ಸೀಮೆಣ್ಣೆ ಹಿಡಿದ್ರೆ ಅದ್ಕೆ ಗೊತ್ತಾಗಕ್ಕಿಲ್ವಾ?”

ಅಪ್ಪ ಬ್ರಷ್ಷು ಹಿಡಿದು ಆಗಲೇ ಏಣಿ ಹತ್ತಿದ್ದ.

“ಸುಮ್ಕಿರು ನೀನು. ಬಿಡದೀಲಿ ಅಷ್ಟ್ ದೊಡ್ಡ ಮಿಸನ್ನಿಗೇ ಬಳೀತಾರೆ, ಹುಳ ಯಾವ್ ಲೆಕ್ಕ?”

ಈ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಮನುಷ್ಯ ಎಷ್ಟು ದಡ್ಡನಾಗಿರಬಹುದು ಎಂದು ತೋರಿಸಲು ಅಳತೆಗೋಲೊಂದು ಬೇಕಾದಾಗಲೆಲ್ಲ ಇದನ್ನೇ ಹಿಡಿಯುತ್ತೇನೆ. ಹುಳ ಜ್ವರಕ್ಕೆ ಕೂತಿದೆ, ಆದ್ದರಿಂದ ಈಗಲೇ ಪೇಂಟು ಬಳಿಯಬೇಕು. ಎಂಥ ಲೆಕ್ಕಾಚಾರ! ತಲೆಮಾರಿನಿಂದ ಹುಳ ಸಾಕಿದ ಮನೆಯಲ್ಲಿ ಹುಟ್ಟಿದವರು ಮಾತ್ರ ಮಾಡಬಲ್ಲ ತಪ್ಪು ಅದು; ಹುಳದ ಗಂಧವಿಲ್ಲದವನಿಗೆ ಜ್ವರ ಯಾವಾಗ ಎಂದೇ ಗೊತ್ತಿರುತ್ತಿರಲಿಲ್ಲ. ಅವ್ವ ತಟ್ಟೆಗಳನ್ನಾದರೂ ಕೊಟ್ಟಿಗೆಗೆ ಸಾಗಿಸುತ್ತೇನೆಂದು ಸೆರಗು ಕಟ್ಟಿದಳು. ಅಜ್ಜಿ ಕೋಲೂರಿಕೊಂಡು ಬಂದು ತಡೆದಳು.

“ಜ್ವರ್‍ದಲ್ಲಿರೋ ಹುಳ ಅಲ್ಲಾಡುಸ್ಬಾರ್ದು ಅಂತ ಗೊತ್ತಿಲ್ವೇನಮ್ಮಿ? ತಟ್ಟೆ ಮುಟ್ಟೀಯ, ಹುಸಾರು.”

ಅದು ನಿಜವೇ. ಜ್ವರದಲ್ಲಿರುವ ಹುಳವನ್ನು ಕದಲಿಸಬಾರದು. ಹುಳವನ್ನು ಅಲ್ಲಾಡಿಸಿದರೆ ತಪ್ಪು, ವಿಷದ ಘಾಟಿನಲ್ಲಿ ಕೂರಿಸಿದರೆ ತಪ್ಪಲ್ಲ. ಅಜ್ಜಿಯ ಶಾಸ್ತ್ರದಲ್ಲಿ ಪೇಂಟಿನ ವಿಷಯ ಇರಲಿಲ್ಲವಾದ್ದರಿಂದ ಪೇಂಟು ನಿರಪರಾಧಿ.

ಒಂದೇ ದಿನದಲ್ಲಿ ನಾಲ್ಕೂ ಗೋಡೆ ಹಸಿರಾಯಿತು. ಇನ್ನು ನನ್ನ ವಿಚಾರ. ನನಗಾಗ ಒಂಬತ್ತು ವರ್ಷ. ಆ ಗೋಡೆಯಷ್ಟು ಚೆಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅದರಲ್ಲಿ ನನ್ನ ಮುಖ ಮಸುಕಾಗಿ ಕಾಣುತ್ತಿತ್ತು. ಮಣ್ಣಿನ ಗೋಡೆಗೆ ಒರಗಿದರೆ ಲಂಗಕ್ಕೆ ಕೆಮ್ಮಣ್ಣು ಮೆತ್ತಿಕೊಳ್ಳುತ್ತಿತ್ತು, ಸ್ಕೂಲಿನಲ್ಲಿ ಹುಡುಗಿಯರು ಬೆನ್ನು ತೋರಿಸಿ ನಗುತ್ತಿದ್ದರು. ಇನ್ನು ಹಾಗಿಲ್ಲ. ಮಾರನೆಯ ದಿನ ಆರು ಜನ ಗೆಳತಿಯರನ್ನು ಕರೆದುಕೊಂಡು ಬಂದು, ದೂರದಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬಳಿಗೇ ಒಂದು ಬೆರಳು ಮುಟ್ಟಿಸಿದೆ. ನಮ್ಮ ಊರಿನಲ್ಲಿ ಆಯಿಲ್ ಪೇಂಟಿನ ಮನೆ ನಮ್ಮದೊಂದೇ ಎಂದು ಹೇಳಿದೆ. ತಲೆ ಸುತ್ತುವಷ್ಟು ಘಾಟಿತ್ತು. ಅದೂ ಶ್ರೀಮಂತಿಕೆಯ ವಾಸನೆ ಎಂದೇ ತಿಳಿದಿದ್ದೆ.

ಹುಳ ಜ್ವರದಿಂದ ಎದ್ದವು. ಎದ್ದ ಹುಳ ಹಸಿವಿನಿಂದ ಸೊಪ್ಪಿಗೆ ಮುಗಿಬೀಳಬೇಕು. ಇವು ಸೊಪ್ಪು ಮುಟ್ಟಲಿಲ್ಲ. ತಲೆ ಎತ್ತಿ ಅತ್ತಿತ್ತ ತೂಗಿದವು, ಬಾಯಿಂದ ಹಸಿರು ನೀರು ಕಾರಿದವು. ಅವ್ವ ಒಂದೊಂದು ತಟ್ಟೆಯನ್ನೂ ಹೊರಗೆ ಗಾಳಿಗೆ ಹಿಡಿದಳು, ಅಳುತ್ತಲೇ ಹಿಡಿದಳು. ಎರಡು ದಿನದಲ್ಲಿ ನಡುಮನೆಯ ಹುಳವೆಲ್ಲ ಮೆತ್ತಗಾಗಿ, ಕಪ್ಪಾಗಿ, ನಾರಿದವು. ಅಪ್ಪ ಅವುಗಳನ್ನು ಕುಕ್ಕೆಗೆ ತುಂಬಿ ತಿಪ್ಪೆಯಲ್ಲಿ ಹೂತ. ಮಾಗಡಿಯವರು ಬರುವುದಕ್ಕೆ ಒಂದೇ ದಿನ ಉಳಿದಿತ್ತು. ಆ ಸಂಜೆ ಅಜ್ಜಿ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ ನ್ಯಾಯ ಶುರುಮಾಡಿದಳು. ಹೊಣೆ ಯಾರಿಗಾದರೂ ಹೊರಿಸದೆ ನಮ್ಮ ಮನೆಯಲ್ಲಿ ಯಾವ ನಷ್ಟವನ್ನೂ ಹೂಳುವ ಪದ್ಧತಿಯಿಲ್ಲ.

“ಲೇ ಸಾಕಿ, ನೀನು ಹೊರ್ಗಾಗಿದ್ದಾಗ ನಡುಮನೆಗೆ ಕಾಲಿಟ್ಟಿದ್ಯಾ?”

ತಿಂಗಳ ಮೂರು ದಿನ ಹೆಂಗಸು ಹುಳವಿರುವ ಕಡೆ ಸುಳಿಯಬಾರದು, ಮೈಲಿಗೆಯಾಗಿ ಬೆಳೆ ಹೋಗುತ್ತದೆ ಎಂಬುದು ನಮ್ಮ ಮನೆಯ ಕಟ್ಟಳೆ. ಅವ್ವ ಹಿಂದಿನ ವಾರ ಹೊರಗಾಗಿದ್ದಳು. ಆ ಮೂರು ದಿನ ಕೊಟ್ಟಿಗೆಯ ಮಗ್ಗುಲಿನ ಚಪ್ಪರದಲ್ಲಿ ಇದ್ದಳು. ಅಲ್ಲೇ ಊಟ, ಅಲ್ಲೇ ಚಾಪೆ. ಹಗಲು ಸ್ಕೂಲಿಗೆ ರಜೆಯಿದ್ದುದರಿಂದ ನಾನು ಅವಳ ಸೆರಗು ಬಿಟ್ಟಿರಲಿಲ್ಲ, ರಾತ್ರಿ ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ಅವಳು ನಡುಮನೆಯ ಹೊಸಿಲನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ತಟ್ಟೆಗೆ ಎಷ್ಟು ಸೊಪ್ಪು ಹಾಕಬೇಕು ಎಂದು ಅಂಗಳದಿಂದಲೇ ಕೂಗಿ ಹೇಳುತ್ತಿದ್ದಳು.

“ಇಲ್ಲ ಕಣತ್ತೆಮ್ಮ. ನನ್ ಮಗೀನಾಣೆಗೂ ಇಲ್ಲ. ಇದು ಪೇಂಟಿನ ಘಾಟು. ಕೆರೆದಾಕಿ ಸುಣ್ಣ ಬಳೀರಿ, ಮುಂದಿನ ಬೆಳೆನಾದ್ರೂ ಉಳೀತದೆ.”

“ಕೆರೆಯೋದಾ?” ಚಿಕ್ಕಪ್ಪ ಹಾರಿ ಎದ್ದ. “ನಾಳೀಕೆ ಮಾಗಡಿಯವ್ರು ಬತ್ತಾವ್ರೆ!”

ಅಪ್ಪ ಗೋಡೆಯನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದ. ಅವನ ಮುಖದಲ್ಲಿ ಅನುಮಾನ ಮೂಡಿತ್ತು. ಜೀವಮಾನದಲ್ಲಿ ಒಂದೇ ಸಲ ಅವನು ಸರಿಯಾದ ಕಡೆ ವಾಲಿದ್ದ.

“ಪೇಂಟೇ ಅಂತಾದ್ರೆ ಕೆರೀಲೇಬೇಕಾಯ್ತದೆ ಕಣ್ಲಾ ಸಿದ್ದ.”

ಆಗ ಅಜ್ಜಿ ನನ್ನ ಕಡೆ ತಿರುಗಿದಳು.

“ಅಮ್ಮಿ, ನೀನೇ ತಾನೆ ಅವ್ಳ ಜೊತೆ ಮಲ್ಗಿದ್ದೋಳು? ಸುಳ್ಳೇಳ್ಬ್ಯಾಡ. ಆ ಮೂರ್ ದಿನ್ದಲ್ಲಿ ನಿಮ್ಮವ್ವ ಇಲ್ಗೆ ಬಂದಿದ್ಲಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಗೋಡೆಯನ್ನು ನೋಡುತ್ತಿದ್ದೆ. ಇದನ್ನು ಕೆರೆಯುತ್ತಾರಂತೆ. ಕತ್ತಿಯಲ್ಲಿ ಕೆರೆದು, ಸುಣ್ಣ ಬಳಿದು, ಮತ್ತೆ ನನ್ನ ಲಂಗಕ್ಕೆ ಬಿಳಿ ಮೆತ್ತುವ ಹಾಗೆ ಮಾಡುತ್ತಾರಂತೆ. ಗೆಳತಿಯರ ಮುಖವೆಲ್ಲ ಕಣ್ಣ ಮುಂದೆ ಬಂತು. ನನ್ನನ್ನು ಯಾರೂ ಹೆದರಿಸಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಮಕ್ಕಳಿಗೆ ಸುಳ್ಳು ಗೊತ್ತಾಗುವುದಿಲ್ಲ ಎನ್ನುವವರು ಮಕ್ಕಳನ್ನು ನೋಡಿಯೇ ಇಲ್ಲ.

“ಹೂಂ” ಎಂದೆ.

ಅವ್ವ ಎದ್ದು ಅಡುಗೆಕೋಣೆಗೆ ಹೋದಳು. ಅಪ್ಪನ ಮುಖ ಹಗುರಾಯಿತು. ಗೋಡೆ ಕೆರೆಯುವ ಕೆಲಸ ತಪ್ಪಿತಲ್ಲ. ಇನ್ನು ಮೇಲೆ ಹುಳದ ಕಡೆ ತಲೆ ಹಾಕಬಾರದು ಎಂದು ಒಳಗೆ ಕೇಳುವಂತೆ ಹೇಳಿದ, ಅಷ್ಟೇ. ಅಜ್ಜಿ ಸತ್ತ ಹುಳದ ನಾತ ಹೋಗಲೆಂದು ನಡುಮನೆಯಲ್ಲಿ ಸಾಂಬ್ರಾಣಿ ಹಾಕಿದಳು. ಮಾರನೆಯ ದಿನ ಮಾಗಡಿಯವರು ಎರಡು ಟೆಂಪೊ ತುಂಬ ಬಂದರು. ಬಂದವರಲ್ಲಿ ಹಿರಿಯನೊಬ್ಬ ಹಸಿರು ಗೋಡೆ ಸವರಿ, “ಒಳ್ಳೆ ಆಪೀಸ್ ಇದ್ದಂಗೈತೆ ಕಣ್ರಪ್ಪ” ಎಂದ. ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಘಾಟಿಗೆ. ಆನಂದಕ್ಕೆ ಎಂದು ಅಜ್ಜಿ ತಿಳಿದಳು. ಸಂಬಂಧ ಕುದುರಿತು. ಹಿತ್ತಿಲಿನಲ್ಲಿ ಅವ್ವ ಒಬ್ಬಳೇ ಅಷ್ಟು ಜನರಿಗೆ ಕೋಳಿಸಾರು, ಮುದ್ದೆ ಮಾಡಿ ಬಡಿಸಿದಳು.

ಮುಂದಿನ ಎರಡು ಬೆಳೆ ಅಪ್ಪನ ಸ್ವಂತ ಕಾರುಬಾರು. ಹಗಲು ಮೋಲ್ಡು ಕಾದು ತಟ್ಟೆಗಳು ಬೆಂದವು. ಮಳೆ ಹಿಡಿದ ಮೇಲೆ ಪೇಂಟಿನ ಗೋಡೆ ಬೆವೆತು ನೀರು ಹನಿಯಿತು. ಹುಳ ಉಬ್ಬಿ, ಹಾಲಿನಂಥ ರಸ ಒಸರಿ ಸತ್ತವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಮನೆಯವರಿಗೆ ನೆಲದ ಬದಲು ಅವ್ವ ಸಿಕ್ಕಿದ್ದಳು. ಅವಳು ಅಂಗಳದಲ್ಲಿ ಹಾದು ಹೋದಾಗ ನೆರಳು ಬಿದ್ದಿರಬೇಕು ಎಂದಳು ಅಜ್ಜಿ. ಮಾತು ಬೀದಿಗೂ ಹೋಯಿತು. ಹುಳ ನೋಡಲು ಅವಳನ್ನು ಕರೆಯುತ್ತಿದ್ದ ಹೆಂಗಸರು, ಅವಳು ಬರುವುದು ಕಂಡರೆ ತಮ್ಮ ಬಾಗಿಲು ಮುಂದೆ ಮಾಡತೊಡಗಿದರು. ಎದುರು ಮನೆಯ ನಿಂಗಮ್ಮ, ಅವ್ವನ ಕೈಯಲ್ಲೇ ಹುಳ ಸಾಕುವುದು ಕಲಿತವಳು, ಬಾವಿಯ ಹತ್ತಿರ ನನ್ನ ಕಿವಿಗೇ ಬೀಳುವಂತೆ ‘ಹುಳ ತಿಂದ ಸಾಕಮ್ಮ’ ಎಂದಳು. ನಾನು ಕೊಡ ತುಂಬಿಕೊಂಡು ಬಂದೆ. ಅಜ್ಜಿಯ ಮೇಲೆ, ಅಪ್ಪನ ಮೇಲೆ, ನಿಂಗಮ್ಮನ ಮೇಲೆ ಹಲ್ಲು ಕಡಿಯುವುದನ್ನು ಕಲಿತೆ. ಅದು ಸುಲಭವಿತ್ತು.

ಮೂರನೆಯ ಬೆಳೆಯೂ ಹೋದ ಮೇಲೆ ಅಪ್ಪನಿಗೆ ಜ್ಞಾನೋದಯವಾಯಿತು. ದೋಷ ಪೇಂಟಿನದಲ್ಲ, ನಡುಮನೆಯ ವಾಸ್ತುವಿನದು. ತೋಟದ ಅಂಚಿಗೆ ಹುಳಕ್ಕೇ ಬೇರೆ ಮನೆ ಕಟ್ಟಬೇಕು ಎಂದ. ಮತ್ತೆ ಸಿಮೆಂಟು ತರುವ ತ್ರಾಣವಿರಲಿಲ್ಲ. ಹಿತ್ತಿಲಿಗೆ ಎಸೆದಿದ್ದ ಹಳೆಯ ಗೋಡೆಯ ಮಣ್ಣು ಹಾಗೇ ಬಿದ್ದಿತ್ತು. ಕೆಡವಿದ ಮಣ್ಣಿನ ಗೋಡೆಯ ಗುಣ ಅದು. ನೆನೆಸಿ ತುಳಿದರೆ ಮತ್ತೆ ಗೋಡೆಯಾಗುತ್ತದೆ. ಕೆಡವಿದ ಸಿಮೆಂಟು ಗೋಡೆ ಹಳ್ಳ ತುಂಬುವುದಕ್ಕಷ್ಟೇ ಆಗುತ್ತದೆ. ತುಳಿದವಳು ಅವ್ವ. ಮಣ್ಣಿಗೆ ಭತ್ತದ ಹುಲ್ಲು ಕತ್ತರಿಸಿ ಹಾಕಿ, ವಾರ ಕೊಳೆಯಲು ಬಿಟ್ಟು, ಮೊಣಕಾಲುದ್ದ ಕೆಸರಿನಲ್ಲಿ ದಿನಗಟ್ಟಲೆ ತುಳಿದಳು. ಮೊಳದಷ್ಟು ಎತ್ತರ ಏರಿಸುವುದು, ಒಣಗಲು ಬಿಡುವುದು, ಮತ್ತೆ ಮೊಳ ಏರಿಸುವುದು. ಕಿಟಕಿಯನ್ನು ಹೊಂಗೆಮರದ ನೆರಳಿನ ಕಡೆಗೆ ಇಡಿಸಿದಳು. ಕೊಟ್ಟಿಗೆಯ ಹಿಂದೆ ಒಟ್ಟಿದ್ದ ನಾಡಹೆಂಚನ್ನೇ ಹೊದಿಸಿದರು. ಒಳಗೂ ಹೊರಗೂ ಕೆಮ್ಮಣ್ಣು, ಸಗಣಿ ಬಳಿದು, ಕಡೆಗೆ ಸುಣ್ಣ ಕೊಟ್ಟಳು. ನಾನು ಪಕ್ಕದಲ್ಲಿ ಹುಲ್ಲು ಕತ್ತರಿಸುತ್ತ, ನೀರು ಹೊರುತ್ತ ನೋಡಿದ್ದೇ ನನ್ನ ವಿದ್ಯಾಭ್ಯಾಸ. ಇವತ್ತು ಗಿರಾಕಿಗಳ ಮುಂದೆ ಏನೇನು ಹೇಳುತ್ತೇನೋ ಅಷ್ಟೂ ಆ ಎರಡು ತಿಂಗಳಲ್ಲಿ ಕಲಿತದ್ದು. ಹುಳ ಬಂದ ದಿನ ಅಜ್ಜಿ ಹೊಸಿಲ ಮೇಲೆ ಕೂತು, ಕೋಲು ಅಡ್ಡ ಹಿಡಿದಳು.

“ಸಾಕು ಸಾಕಿ. ಇನ್ನು ಆಚ್ಗೆ ನಿಂತ್ಕ.”

ಅವ್ವ ಪೊರಕೆಯನ್ನು ಹೊಸಿಲಿನಿಂದಾಚೆ ನನ್ನ ಕೈಗೆ ಕೊಟ್ಟು ಹೋದಳು.

ಬೆಳೆ ಬಂತು. ಬಾರದೆ ಏನು? ಅದು ಅವ್ವ ಕಟ್ಟಿದ ಗೋಡೆ. ಬೇಸಗೆಯಲ್ಲಿ ತಂಪು, ಮಳೆಯಲ್ಲಿ ಒಣ, ಒಂದು ಘಾಟಿಲ್ಲ. ಆದರೆ ಅಜ್ಜಿ ಊರಿಗೆಲ್ಲ ಹೇಳಿಕೊಂಡು ಬಂದದ್ದು ಬೇರೆ: ಕಂಡ್ರಾ, ಅವ್ಳು ಕಾಲಿಡ್ಲಿಲ್ಲ, ಬೆಳೆ ಬಂತು! ಮುಂದಿನ ಬೆಳೆಯೂ ಬಂತು, ಅದರ ಮುಂದಿನದೂ. ಬೆಳೆ ಚೆನ್ನಾಗಿ ಬಂದಷ್ಟೂ ಅವ್ವನ ಮೇಲಿನ ಅಪವಾದ ಗಟ್ಟಿಯಾಯಿತು. ಅವಳನ್ನು ನಿರ್ದೋಷಿ ಎಂದು ತೋರಿಸಬೇಕಾಗಿದ್ದ ಗೋಡೆಯೇ ಅವಳ ಮೇಲೆ ಸಾಕ್ಷಿ ಹೇಳಿತು. ಇಂಥ ಮೂಢರ ನಡುವೆ ಸತ್ಯಕ್ಕೂ ಕೈಕಾಲು ಆಡುವುದಿಲ್ಲ. ಐದು ವರ್ಷ ಹೀಗೇ ನಡೆಯಿತು. ಅವ್ವ ಸೊಪ್ಪು ಕುಯ್ದು ಬಾಗಿಲವರೆಗೆ ತಂದು ಇಳಿಸುತ್ತಿದ್ದಳು, ನಾನು ಒಳಗೆ ಒಯ್ದು ಹಾಕುತ್ತಿದ್ದೆ. ಹುಳ ಹೇಗಿವೆ ಎಂದು ಅವಳು ಒಂದು ದಿನವೂ ನನ್ನನ್ನು ಕೇಳಲಿಲ್ಲ. ಕೇಳದೆ ನನ್ನ ಕೈಯನ್ನು ಮೂಸಿ ನೋಡುತ್ತಿದ್ದಳು, ಅದರಿಂದಲೇ ತಿಳಿದುಕೊಳ್ಳುತ್ತಿದ್ದಳು.

ಅದರ ನಾಲ್ಕನೆಯ ವರ್ಷ ನಾನು ದೊಡ್ಡವಳಾದೆ. ಒಸಗೆ ಮಾಡಿ, ಹಸಿರು ಸೊಪ್ಪಿನ ಗುಡಿಸಲಲ್ಲಿ ಕೂರಿಸಿ, ಕೊಬ್ಬರಿ ಬೆಲ್ಲ ತಿನ್ನಿಸಿದರು. ತಿಂಗಳ ಮೂರು ದಿನ ಹುಳದ ಮನೆಗೆ ನನಗೂ ಬಾಗಿಲು ಮುಚ್ಚಿತು. ಮಾರನೆಯ ವರ್ಷ ಒಂದು ಬೆಳೆಯಲ್ಲಿ, ಹುಳ ನಾಲ್ಕನೆಯ ಜ್ವರದಿಂದ ಎದ್ದ ಬೆಳಗ್ಗೆಯೇ ನಾನು ಹೊರಗಾದೆ. ಹೇಳಲಿಲ್ಲ. ಬಟ್ಟೆಯನ್ನು ತೋಟದ ಕಾಲುವೆಯಲ್ಲಿ ಒಗೆದು ಸೊಪ್ಪಿನ ಸಾಲಿನ ನಡುವೆ ಒಣಹಾಕಿದೆ. ಮೂರು ದಿನವೂ ನಾನೇ ಸೊಪ್ಪು ಹಾಕಿದೆ, ಹಿಕ್ಕೆ ತೆಗೆದೆ, ಒಂದೊಂದು ತಟ್ಟೆಗೂ ಕೈಯಾಡಿಸಿದೆ. ಬೇಕೆಂದೇ ಮುಟ್ಟಿದೆ. ಸಾಯುತ್ತವೆಯೇ ನೋಡೋಣ ಎಂದು ಮುಟ್ಟಿದೆ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಐದು ವರ್ಷ ಕಿವಿಗೆ ಬಿದ್ದ ಮಾತು ಅಷ್ಟು ಬೇಗ ಬಿಟ್ಟು ಹೋಗುವುದಿಲ್ಲ. ಆದರೆ ಹುಳ ಹಣ್ಣಾದವು, ಗೂಡು ಕಟ್ಟಲೆಂದು ಸುರುಳಿಯಾಗಿ ಹೆಣೆದ ಬಿದಿರಿನ ಚಂದ್ರಿಕೆಗಳಿಗೆ ಹತ್ತಿದವು, ಗೂಡು ಕಟ್ಟಿದವು. ಅಷ್ಟು ಗಟ್ಟಿ ಗೂಡು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಗೂಡು ಬಿಡಿಸುವ ದಿನ ಬೀದಿಯ ಹೆಂಗಸರೆಲ್ಲ ಬಂದು ಹುಳದ ಮನೆಯ ಮುಂದೆ ಕೂತರು. ಅಪ್ಪ ಒಂದು ಗೂಡು ಕಿವಿಯ ಹತ್ತಿರ ಅಲ್ಲಾಡಿಸಿ, ರಾಮನಗರದ ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರು ಸಾಬರು ಇದನ್ನು ಕಿತ್ತಾಡಿಕೊಂಡು ಕೊಳ್ಳುತ್ತಾರೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಅವ್ವ ಎಲ್ಲರಿಂದ ದೂರ, ಹೊಂಗೆಮರದ ಕೆಳಗೆ ಕಾಫಿ ಕಾಯಿಸುತ್ತಿದ್ದಳು. ನಾನು ಎದ್ದು ನಿಂತೆ.

“ಒಸಿ ಕೇಳ್ಕಳಿ ಎಲ್ರೂವೆ. ಈ ಹುಳ ನಾಕ್ನೇ ಜ್ವರ ಎದ್ದಾಗ ನಾನು ಹೊರ್ಗಾಗಿದ್ದೆ. ಮೂರ್ ದಿನಾನೂ ನಾನೇ ಒಳಗಿದ್ದು ಸೊಪ್ಪಾಕಿದ್ದು. ಎಲ್ಲಾ ತಟ್ಟೇನೂ ಮುಟ್ಟಿವ್ನಿ. ಗೂಡು ನಿಮ್ ಕೈಯಲ್ಲೇ ಐತೆ, ನೋಡ್ಕಳಿ. ನಮ್ಮವ್ವ ಯಾವ್ ಹುಳಾನೂ ತಿಂದಿಲ್ಲ. ಅವತ್ತು ಅವ್ಳು ನಡುಮನೆಗೆ ಕಾಲೂ ಇಟ್ಟಿರ್‍ಲಿಲ್ಲ. ಹೂಂ ಅಂತ ಸುಳ್ಳೇಳಿದ್ದು ನಾನು.”

ಅಪ್ಪನ ಏಟು ಕೆನ್ನೆಗೆ ಬಿದ್ದದ್ದು ಆಮೇಲೆ ಗೊತ್ತಾಯಿತು. ಅಜ್ಜಿ ಎದೆ ಬಡಿದುಕೊಂಡಳು.

“ಅಯ್ಯೋ ಮನೆಹಾಳಿ! ಗಂಜಲ ತನ್ರೋ! ಅವ್ಳಿಗೂ ಚಿಮುಕ್ಸಿ, ಗೂಡಿಗೂ ಚಿಮುಕ್ಸಿ!”

“ಗೂಡಿಗ್ ಬ್ಯಾಡ ಕಣವ್ವ!” ಅಪ್ಪ ಕುಕ್ಕೆಗಳಿಗೆ ಅಡ್ಡ ಬಿದ್ದ. “ಗೂಡು ನೆಂದ್ರೆ ಮಾರ್ಕೆಟ್ಟಲ್ಲಿ ಯಾವನೂ ಮೂಸಕ್ಕಿಲ್ಲ!”

ಹೀಗಾಗಿ ಗಂಜಲ ನನಗೊಬ್ಬಳಿಗೇ ಬಿತ್ತು. ಮೈಲಿಗೆಯ ಗೂಡು ಎಂದು ಒಂದನ್ನೂ ಯಾರೂ ತಿಪ್ಪೆಗೆ ಎಸೆಯಲಿಲ್ಲ. ಕಟ್ಟಳೆ ಗಿಟ್ಟಳೆಯೆಲ್ಲ ಹೆಣ್ಣಿನ ಮೈಗೆ, ಮಾರುವ ಗೂಡಿಗಲ್ಲ. ಗಂಜಲ ಒರೆಸಿಕೊಳ್ಳುತ್ತ ನಿಂತು, ಆ ಮನೆಯವರನ್ನೆಲ್ಲ ಕಂಡು ನಾನು ಮನಸಾರೆ ಹೇಸಿದೆ. ಆ ಹೇಸಿಗೆ ನನ್ನನ್ನು ಇವತ್ತಿಗೂ ಕಾಪಾಡಿದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಡೆಗೆ ನಿಂಗಮ್ಮ ಮಡಿಲಲ್ಲಿದ್ದ ಗೂಡುಗಳನ್ನು ಕುಕ್ಕೆಗೆ ಸುರಿದು ಎದ್ದಳು. ಹೊಂಗೆಮರದ ಹತ್ತಿರ ಹೋಗಿ ನೆಲ ನೋಡುತ್ತ ನಿಂತಳು.

“ಸಾಕಮ್ಮಕ್ಕ, ನಮ್ಮನೆ ಹುಳ ಯಾಕೋ ಸಪ್ಪಗವೆ. ಸಂಜೀಕೆ ಒಸಿ ಬಂದು ನೋಡಕ್ಕ.”

ಅವ್ವ ಅವಳಿಗೆ ಒಂದು ಲೋಟ ಕಾಫಿ ಕೊಟ್ಟಳು. ಬತ್ತೀನಿ ಎಂದಳು. ಅಷ್ಟೇ. ನನಗೆ ಎದೆ ಉಬ್ಬಿ ಬಂತು. ಗೆದ್ದೆ ಎಂದುಕೊಂಡೆ. ಕೆನ್ನೆ ಉರಿಯುತ್ತಿದ್ದರೂ ನಗುತ್ತ, ಅವ್ವ ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದು ಅವಳ ಹತ್ತಿರ ಹೋದೆ. ಅವಳು ಒಲೆಯ ಮುಂದಿನಿಂದ ಎದ್ದು, ಸೆರಗಿನ ತುದಿಯಿಂದ ನನ್ನ ಕೆನ್ನೆಯ ಮೇಲಿದ್ದ ಗಂಜಲ ಒರೆಸಿದಳು. ಐದು ವರ್ಷದಲ್ಲಿ ಒಂದು ಸಲವೂ ಕೇಳದಿದ್ದುದನ್ನು ಕೇಳಿದಳು.

“ಅವತ್ತು ಯಾಕಮ್ಮಿ ಹೂಂ ಅಂದೆ?”

ಹೆದರಿದ್ದೆ ಎನ್ನಬಹುದಿತ್ತು. ಅಜ್ಜಿ ಕಣ್ಣು ಬಿಟ್ಟಳು ಎನ್ನಬಹುದಿತ್ತು. ಸಣ್ಣವಳಿದ್ದೆ, ತಿಳಿಯಲಿಲ್ಲ ಎಂದಿದ್ದರೆ ಅವಳು ನಂಬುತ್ತಲೂ ಇದ್ದಳೇನೋ. ಅವಳ ಕೈ ಇನ್ನೂ ನನ್ನ ಕೆನ್ನೆಯ ಮೇಲೇ ಇತ್ತು.

“ಪೇಂಟು ಚೆನ್ನಾಗಿತ್ತು ಕಣವ್ವ” ಎಂದೆ.

ಅವ್ವ ಕೈ ತೆಗೆದಳು. ಅಪ್ಪನನ್ನು, ಚಿಕ್ಕಪ್ಪನನ್ನು ಯಾವ ಕಣ್ಣಿನಿಂದ ನೋಡುತ್ತಿದ್ದಳೋ ಅದೇ ಕಣ್ಣಿನಿಂದ ನನ್ನನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಅಜ್ಜಿಯನ್ನು ದಾಟಿಕೊಂಡು, ತಾನೇ ಕಟ್ಟಿದ ಮನೆಯೊಳಕ್ಕೆ, ಅಲ್ಲಿ ಹುಳ ಇಳಿಸಿದ ಮೇಲೆ ಮೊದಲ ಸಲ ಹೋಗಿ, ಒಂದೊಂದೇ ಚಂದ್ರಿಕೆ ಇಳಿಸತೊಡಗಿದಳು. ಕೈಜೋಡಿಸು ಬಾ ಎಂದು ನನ್ನನ್ನು ಕರೆಯಲಿಲ್ಲ.